ಕೆಂಪು ಪೆನ್ನಿಗೊಂದು ಮುಚ್ಚಳ

ಆ ಬಣ್ಣಕ್ಕೆ ನಮ್ಮಪ್ಪ ಒಂದು ಹೆಸರು ಹೇಳುತ್ತಿದ್ದ. 'ತೊ' ಅಂತ ಶುರುವಾಗುತ್ತಿತ್ತು. ತೊಗರಿ ಅಲ್ಲ. ತೊಗಟೆ ಅಲ್ಲ. ತೊ... ನಾಲಿಗೆಯ ತುದಿಯವರೆಗೆ ಬರುತ್ತದೆ, ಬಾಯಿ ತೆರೆದರೆ ವಾಪಸು ಹೋಗುತ್ತದೆ. ಇರಲಿ, ಹೇಳುತ್ತಾ ಹೋದರೆ ಬಂದರೂ ಬರಬಹುದು. ಮೊಮ್ಮಗಳು ಪಕ್ಕದಲ್ಲೇ ಕೂತು ಫೋನ್ ನೋಡುತ್ತಿದ್ದಾಳೆ. ಕೇಳಿಸಿಕೊಳ್ಳುತ್ತಿದ್ದಾಳೆ ಅಂತ ನಾನು ಅಂದುಕೊಂಡಿದ್ದೇನೆ.

ಅಪ್ಪ ಬಡಗಣ ಸೀಮೆಯ ನೇಕಾರರ ಊರಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದವನು. ನಾವೆಲ್ಲ ಬರೀ ಕೆಂಪು ಅನ್ನುವ ಕಡೆ ಅವನಿಗೆ ಹತ್ತಾರು ಕೆಂಪು ಕಾಣುತ್ತಿದ್ದವು, ಒಂದೊಂದಕ್ಕೂ ಒಂದೊಂದು ಹೆಸರು. ನಾನು ಮದುವೆಯಾಗಿ ಅಷ್ಟು ದೂರದಿಂದ ಈ ಮಧುಗಿರಿಗೆ ಹೊರಟಾಗ ತನ್ನ ಜೇಬಿನಲ್ಲಿದ್ದ ಇಂಕ್ ಪೆನ್ನು ತೆಗೆದು ನನ್ನ ಕೈಗಿಟ್ಟ. ಕೆಂಪೂ ಅಲ್ಲದ, ಕಿತ್ತಳೆಯೂ ಅಲ್ಲದ, ಒಳಗೆ ದೀಪ ಹಚ್ಚಿಟ್ಟಂಥ ಬಣ್ಣ. "ಮುಚ್ಚಳ ತೆರೆದಿಡಬ್ಯಾಡ ಮಗಳ, ಮಸಿ ಒಣಗತೈತಿ" ಅಂದ. ಮಗಳನ್ನು ಕಳಿಸಿಕೊಡುವ ಹೊತ್ತಿಗೆ ಹೇಳುವ ಮಾತೇ ಅದು? ಆದರೆ ಅಪ್ಪ ಇದ್ದದ್ದೇ ಹಾಗೆ.

ಅಂಥ ಬಣ್ಣದ ಹಳೇ ಪೆನ್ನಿಗೆ ಬೆಂಗಳೂರಿನಲ್ಲಿ ಜನ ಜೀವ ಬಿಡುತ್ತಾರಂತೆ. ನಾನು ಜೀವ ಬಿಡಲಿಲ್ಲ, ನೆಮ್ಮದಿ ಬಿಟ್ಟೆ. ಹಳೇ ಪೆನ್ನು ಹುಡುಕುವವರಿಗೆ ಪೆನ್ನು ಸಿಗುತ್ತದೋ ಇಲ್ಲವೋ, ಪಜೀತಿ ಮಾತ್ರ ತಪ್ಪದೆ ಸಿಗುತ್ತದೆ.

೧. ಕೋತಿಯ ಪಾಲು

ಕೆಲವು ವರ್ಷಗಳ ಹಿಂದಿನ ಮಾತು. ಪೆನ್ನು ತೊಳೆದು, ಮುಚ್ಚಳ ಬೇರೆ, ಪೆನ್ನು ಬೇರೆ ಮಾಡಿ, ಮಹಡಿಯ ಕಟ್ಟೆಯ ಮೇಲೆ ಆರಲು ಇಟ್ಟು ಪಕ್ಕದಲ್ಲೇ ಕಾವಲು ಕೂತಿದ್ದೆ. ನಾನು ಕಾಯುತ್ತಿದ್ದದ್ದು ಗಾಳಿಯನ್ನು. ಬಂದದ್ದು ಬೆಟ್ಟದ ಕಡೆಯ ಕೋತಿ. ಪೆನ್ನಿನ ತಂಟೆಗೇ ಹೋಗದೆ ಮುಚ್ಚಳ ಎತ್ತಿಕೊಂಡು ಪಕ್ಕದ ಮನೆಯ ನೀರಿನ ಟ್ಯಾಂಕ್ ಹತ್ತಿ ಕೂತಿತು.

ನನ್ನ ಕೂಗಿಗೆ ಬೀದಿಯೇ ಸೇರಿತು. ಪಕ್ಕದ ಮನೆಯಾಕೆ, "ಹಣ್ಣು ಅನ್ಕಂಡೈತೆ ಕಣಮ್ಮ. ಕಚ್ಚಿ ನೋಡಿ ಎಸೀತೈತೆ ಬುಡಿ" ಅಂದಳು. ಕಚ್ಚಿ ನೋಡಿತು, ಎಸೆಯಲಿಲ್ಲ. ನಮ್ಮವರು ಬಾಳೆಹಣ್ಣು ತಂದು ತೋರಿಸಿದರು. ಕೋತಿ ಇಳಿದು ಬಂದು ಒಂದು ಕೈಯಲ್ಲಿ ಬಾಳೆಹಣ್ಣು ತೆಗೆದುಕೊಂಡಿತು, ಇನ್ನೊಂದು ಕೈಯಲ್ಲಿದ್ದ ಮುಚ್ಚಳವನ್ನು ಹಾಗೇ ಹಿಡಿದುಕೊಂಡಿತು. ಇನ್ನೊಂದು ಹಣ್ಣು ಕೊಟ್ಟರು. ಅಷ್ಟರಲ್ಲಿ ಅದರ ನೆಂಟರಿಷ್ಟರೆಲ್ಲ ಬಂದರು. ಮನೆಯಲ್ಲಿದ್ದ ಚಿಪ್ಪು ಪೂರ್ತಿ ಮುಗಿದ ಮೇಲೆ, ಕೊಡಲು ಏನೂ ಉಳಿದಿಲ್ಲ ಅಂತ ಖಾತ್ರಿ ಮಾಡಿಕೊಂಡು, ಕೋತಿ ಮುಚ್ಚಳವನ್ನು ದವಡೆಗೆ ಒತ್ತರಿಸಿಕೊಂಡು ಬೆಟ್ಟದ ಕಡೆ ಹೊರಟುಹೋಯಿತು.

ಆಮೇಲೆ ಎಷ್ಟೋ ದಿನ ನನಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ. ಮುಚ್ಚಳ ಇಲ್ಲದ ಪೆನ್ನು ಅಂದರೆ ಬಾಗಿಲು ಇಲ್ಲದ ಮನೆ. ಹಳೇ ಸೀರೆಯ ತುಂಡಿನಲ್ಲಿ ನಿಬ್ಬಿಗೊಂದು ಟೋಪಿ ಹೊಲಿದು ಹಾಕಿದೆ. ನಮ್ಮವರಿಗೆ ಮಾತ್ರ ಒಳ್ಳೆಯ ಮಾತು ಸಿಕ್ಕಿತು. ಮಹಡಿಯ ಮೇಲೆ ಕೋತಿ ದಡದಡ ಓಡಿದಾಗಲೆಲ್ಲ, "ಲೇ ಇವಳೇ, ಅದು ಬಂದಿದೆ ನೋಡು. ಉಳಿದರ್ಧ ಕೇಳ್ತಿದೆ" ಅನ್ನುತ್ತಿದ್ದರು.

೨. ಶಿರಾದ ಲಾಡಿ

ನನ್ನ ಚಿಂತೆ ಇಷ್ಟೇ. ನಾನಿರುವವರೆಗೆ ಪೆನ್ನು ಇರುತ್ತದೆ. ನಾನು ಹೋದ ಮೇಲೆ ಮುಚ್ಚಳವಿಲ್ಲದ ಪೆನ್ನನ್ನು ಯಾರು ಇಟ್ಟುಕೊಳ್ಳುತ್ತಾರೆ? ಸೀದಾ ಹಳೇ ಪ್ಲಾಸ್ಟಿಕ್‌ನವನ ಚೀಲಕ್ಕೆ. ಅಷ್ಟರೊಳಗೆ ಅದೇ ಬಣ್ಣದ, ಅದೇ ಅಳತೆಯ ಮುಚ್ಚಳ ಸಿಗಬೇಕು. ಕಂಡಕಂಡವರಿಗೆ ಹೇಳಿದೆ. ಕೆಂಪು ಪೆನ್ನುಗಳು ಒಂದೊಂದಾಗಿ ಮನೆ ಸೇರಿದವು. ಇಟ್ಟಿಗೆ ಕೆಂಪು, ಕುಂಕುಮ ಕೆಂಪು, ಬೀಟ್ರೂಟ್ ಕೆಂಪು, ಎಲ್ಲಾ ಬಂದವು. ಅಪ್ಪನ ಕೆಂಪು ಬರಲಿಲ್ಲ.

ಒಂದು ದಿನ ನಮ್ಮವರ ಸ್ನೇಹಿತರು, ಶಿರಾದಲ್ಲಿ ಕಡಲೇಕಾಯಿ ಮಂಡಿಯವರು, ಫೋನ್ ಮಾಡಿದರು. ಅಲ್ಲಿನ ಟೈಲರ್ ಒಬ್ಬರ ತಾಯಿಯ ಹತ್ತಿರ ನಾನು ಹೇಳಿದ ಬಣ್ಣದ್ದೇ ಪೆನ್ನಿದೆಯಂತೆ. ಮಾರನೆಯ ದಿನವೇ ಬಸ್ಸು ಹತ್ತಿದೆವು. ನಮ್ಮವರು ಮಂಡಿಗೆ ಹೋದರು, ನಾನು ಟೈಲರ್ ಮನೆಗೆ.

ಪೆನ್ನು ಇತ್ತು. ಆ ತಾಯಿ ಅದರಲ್ಲಿ ಬರೆಯುತ್ತಿರಲಿಲ್ಲ. ಮುಚ್ಚಳ ಬಿಚ್ಚಿ, ಲಾಡಿಯ ತುದಿಯನ್ನು ಒಳಗಿಟ್ಟು, ಮತ್ತೆ ತಿರುಗಿಸಿ ಬಿಗಿದು, ಪೈಜಾಮದ ನೇಫಾದೊಳಗೆ, ಅಂದರೆ ಸೊಂಟದ ಮಡಿಕೆಯೊಳಗೆ, ತೂರಿಸುತ್ತಿದ್ದರು. ಸರ್ ಅಂತ ಆಕಡೆಯಿಂದ ಈಕಡೆಗೆ ಬರುತ್ತಿತ್ತು. ಪಕ್ಕದಲ್ಲಿ ಹೊಲಿದ ಪೈಜಾಮ, ಲಂಗಗಳ ಗುಡ್ಡೆ. ಪೆನ್ನು ಒಂದೊಂದು ಸಲ ನೇಫಾದೊಳಗೆ ಮಾಯವಾದಾಗಲೂ ನನ್ನ ಉಸಿರು ನಿಲ್ಲುತ್ತಿತ್ತು.

"ಅಮ್ಮಾ, ಇದನ್ನ ನನಗೆ ಕೊಡ್ತೀರಾ?"

"ಕೊಡೋಣ ಬೇಟಿ. ಆದ್ರೆ ಲಾಡಿ ಯಾರು ಹಾಕ್ತಾರೆ? ನೀನು ಬರ್ತೀಯಾ ದಿನಾ?"

"ಪಿನ್ನಿನಲ್ಲಿ ಹಾಕಬಹುದಲ್ಲ?"

"ಪಿನ್ನು ಮಧ್ಯದಲ್ಲಿ ಬಾಯಿ ಬಿಟ್ಕೊಳ್ತದೆ. ನೀನೇ ನೋಡು." ಪಿನ್ನು ಕೊಟ್ಟರು. ಬಾಯಿ ಬಿಟ್ಟುಕೊಂಡಿತು, ನನ್ನ ಬೆರಳಿಗೂ ಚುಚ್ಚಿತು. ನನ್ನ ಚೀಲದಲ್ಲಿದ್ದ ಬಾಲ್ ಪೆನ್ನು ತೆಗೆದೆ. ಅದರ ಮುಚ್ಚಳ ಒತ್ತಿ ಹಾಕುವಂಥದು, ಅರ್ಧ ದಾರಿಯಲ್ಲಿ ಕಳಚಿ ನೇಫಾದೊಳಗೇ ಉಳಿಯಿತು. ಅದನ್ನು ಹಿಂಡಿ ಹಿಂಡಿ ಹೊರತೆಗೆಯುವುದರಲ್ಲಿ ಸಾಕಾಯಿತು. "ದೇಖಾ? ತಿರುಗ್ಸೋ ಮುಚ್ಚಳವೇ ಬೇಕು" ಅಂದರು ಆ ತಾಯಿ.

ಅದೃಷ್ಟಕ್ಕೆ, ಸೇರಿಸಿಟ್ಟಿದ್ದ ಪೆನ್ನುಗಳ ಡಬ್ಬಿ ಜೊತೆಗೇ ಒಯ್ದಿದ್ದೆ. ತಿರುಗಿಸುವ ಮುಚ್ಚಳದ ಕಪ್ಪು ಪೆನ್ನೊಂದನ್ನು ಕೊಟ್ಟೆ. ಅವರು ಒಪ್ಪುವವರೆಗೆ ಅದರಲ್ಲಿ ನಾನೇ ಲಾಡಿ ಹಾಕಿ ತೋರಿಸಬೇಕಾಯಿತು. ಒಂದರಲ್ಲಿ ನಂಬಲಿಲ್ಲ, ಎರಡರಲ್ಲಿ ನಂಬಲಿಲ್ಲ. ಗುಡ್ಡೆ ಕರಗುತ್ತಾ ಬಂತು.

ಬಸ್ಸಿಗೆ ಹೊತ್ತಾಯಿತು ಅಂತ ಕರೆಯಲು ಬಂದ ನಮ್ಮವರು ಬಾಗಿಲಲ್ಲೇ ನಿಂತುಬಿಟ್ಟರು. ನನ್ನ ತೊಡೆಯ ಮೇಲೆ ಯಾರದೋ ಪೈಜಾಮ. "ಇದೇನೇ, ಕೆಲಸಕ್ಕೇ ಸೇರಿಬಿಟ್ಟೆಯಾ?"

ಮಿಶನ್ ತುಳಿಯುತ್ತಿದ್ದ ಟೈಲರ್ ತಲೆ ಎತ್ತಿ ಅವರನ್ನು ಅಳೆದು ನೋಡಿದರು. "ಯಜಮಾನ್ರೆ, ನೀವು ಪಂಚೆ ಉಟ್ಕೊಂಡು ಬಂದಿದ್ದು ಒಳ್ಳೇದಾಯ್ತು. ಇಲ್ಲಾಂದ್ರೆ ಅಮ್ಮಾವ್ರು ನಿಮಗೂ ಲಾಡಿ ಹಾಕ್ಬಿಡ್ತಿದ್ರು."

ಮನೆಗೆ ಬಂದು ಬಿಸಿಲಿಗೆ ಹಿಡಿದು ನೋಡಿದರೆ ಬಣ್ಣ ಒಂದು ಕೂದಲೆಳೆಯಷ್ಟು ಗಾಢ. ಮುಚ್ಚಳವೂ ಅಪ್ಪನ ಪೆನ್ನಿಗೆ ಕೂರಲಿಲ್ಲ.

೩. ರಾಗಿಯೊಳಗೆ ಬಚ್ಚಿಟ್ಟದ್ದು

ನನ್ನ ಸೊಸೆ ಅಚ್ಚುಕಟ್ಟಿನವಳು. ಆಯುಧಪೂಜೆ ಬಂತೆಂದರೆ ಸ್ಕೂಟರಿನಿಂದ ಹಿಡಿದು ಈಳಿಗೆಮಣೆಯವರೆಗೆ ಎಲ್ಲವನ್ನೂ ತಿಕ್ಕಿ ತೊಳೆದು, ವಿಭೂತಿ ಬಳಿದು, ಕುಂಕುಮ ಇಡುತ್ತಾಳೆ. ಒಂದು ವರ್ಷ ಒಂದು ಪೆನ್ನಿನ ಕ್ಲಿಪ್ಪನ್ನು ಹಿತ್ತಾಳೆ ಅಂದುಕೊಂಡು ಹುಣಸೆಹಣ್ಣು ಹಾಕಿ ಉಜ್ಜಿದಳು. ಚಿನ್ನದ ನೀರೆಲ್ಲ ಹೋಗಿ ತಗಡು ಹೊರಬಂತು. "ಈಗ ನೋಡಿ ಅತ್ತೆ, ಹೆಂಗೆ ಬೆಳ್ಳಗಾಯ್ತು!" ಅಂದಳು.

ಮುಂದಿನ ವರ್ಷ ಹಬ್ಬಕ್ಕೆ ಮುಂಚೆಯೇ ಎಚ್ಚರವಾದೆ. ಅಪ್ಪನ ಪೆನ್ನನ್ನೂ ಶಿರಾದ ಪೆನ್ನನ್ನೂ ಬಟ್ಟೆಯಲ್ಲಿ ಸುತ್ತಿ, ರಾಗಿ ಡಬ್ಬದೊಳಗೆ ಮೊಣಕೈವರೆಗೆ ಕೈ ಇಳಿಸಿ ಹೂತಿಟ್ಟೆ. ಹಬ್ಬದ ದಿನ ಬೆಳಿಗ್ಗೆ ಎದ್ದು ನೋಡಿದರೆ, ರಾಗಿ ಡಬ್ಬ ತೊಳೆದು ಹಿತ್ತಲಲ್ಲಿ ಬೋರಲು ಹಾಕಿದೆ.

"ರಾಗಿ ಎಲ್ಲಮ್ಮ?"

"ಹಿಟ್ಟು ಮುಗಿದಿತ್ತಲ್ಲ ಅತ್ತೆ. ಬೆಳಿಗ್ಗೇನೇ ಮಿಲ್ಲಿಗೆ ಕೊಟ್ಟುಬಂದೆ."

ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದಕ್ಕೆ ನಮ್ಮವರದು ಹಾಕಿಕೊಂಡು ಓಡಿದೆ. ದಾರಿಯುದ್ದಕ್ಕೂ ಕಣ್ಣ ಮುಂದೆ ಒಂದೇ ಚಿತ್ರ: ಕಲ್ಲಿನ ನಡುವೆ ಸಿಕ್ಕಿ ಪುಡಿಪುಡಿಯಾದ ಅಪ್ಪನ ಪೆನ್ನು, ಕೆಂಪು ಹಿಟ್ಟು, ಮನೆಮಂದಿಯ ತಟ್ಟೆಯಲ್ಲೆಲ್ಲ ಕೆಂಪು ಮುದ್ದೆ.

ಮಿಲ್ಲು ಸದ್ದಿಲ್ಲದೆ ನಿಂತಿತ್ತು. ಮಿಶನ್ನಿನ ಕೊರಳಿಗೆ ಚೆಂಡುಹೂವಿನ ಹಾರ, ಬುಡದಲ್ಲಿ ಬೂದುಗುಂಬಳಕಾಯಿ. ಮಿಲ್ಲಿನವನು ಸ್ನಾನ ಮಾಡಿ ಹೊಸ ಪಂಚೆ ಉಟ್ಟು ಕೂತಿದ್ದ.

"ಇವತ್ತು ಮಿಶನ್ ಓಡ್ಸಲ್ಲ ಕಣಮ್ಮ. ಆಯುಧಪೂಜೆ ಅಲ್ವಾ? ನಿಮ್ಮ ಸೊಸೆಗೂ ಹೇಳ್ದೆ, ರಾಗಿ ಇಟ್ಟೋಗಿ, ನಾಳಿದ್ದು ಬೀಸಾನ ಅಂತ."

ನಾನು ಅಲ್ಲೇ ಚೀಲದ ಮೇಲೆ ಕುಸಿದು ಕೂತೆ. ಯಾವ ಹಬ್ಬಕ್ಕೆ ಹೆದರಿ ಬಚ್ಚಿಟ್ಟಿದ್ದೆನೋ ಅದೇ ಹಬ್ಬ ಕಾಪಾಡಿತ್ತು. "ರಾಗಿಯೊಳಗೆ ಪೆನ್ನಿತ್ತಪ್ಪ..." ಅಂದೆ.

"ಓ, ಅವಾ? ರಾಗಿ ಸುರೀವಾಗ ಸಿಕ್ಕಿದ್ವು. ಪೂಜೆಗೇ ಅಂತ ಕಳ್ಸವ್ರೆ ಅನ್ಕಂಡು ಇಟ್ಬುಟ್ಟೆ. ನೋಡಿ."

ಮಿಶನ್ನಿನ ತಲೆಯ ಮೇಲೆ ನನ್ನ ಎರಡೂ ಪೆನ್ನು ಮಲಗಿದ್ದವು. ವಿಭೂತಿಯ ಪಟ್ಟೆ, ಕುಂಕುಮ, ಒಂದೊಂದು ಚೆಂಡುಹೂವು. ಕೈ ಚಾಚಿದೆ. ಅವನು ಅಡ್ಡ ಬಂದ. "ನಾಳೆ ಪೂಜೆ ಎತ್ತಗಂಟ ಮುಟ್ಟಂಗಿಲ್ಲ ಕಣಮ್ಮ."

ಇಡೀ ದಿನ ಅವನ ಮಿಲ್ಲಿಗೂ ನಮ್ಮ ಮನೆಗೂ ಓಡಾಡಿದೆ. ಮಾರನೆಯ ದಿನ ಪೆನ್ನು ಕೈಗೆ ಬಂದು, ಒರೆಸಿ ನೋಡಿ, ಏನೂ ಆಗಿಲ್ಲ ಅಂತ ಉಸಿರು ಬಿಟ್ಟಾಗ ಸೊಸೆ ಅಡುಗೆಮನೆಯಿಂದ ಕೇಳಿದಳು: "ಪೂಜೆ ನಾನು ಮಾಡಿದ್ರೆ ಆಗಲ್ಲ, ಮಿಲ್ಲಿನವರು ಮಾಡಿದ್ರೆ ಆಗುತ್ತೆ. ಅಲ್ವಾ ಅತ್ತೆ?"

೪. ಗೊರವನಹಳ್ಳಿ ಬಸ್ಸಿನ ಜೇಬು

ಒಂದು ಶುಕ್ರವಾರ ಗೊರವನಹಳ್ಳಿ ಲಕ್ಷ್ಮಿಯ ದರ್ಶನಕ್ಕೆ ಹೊರಟೆ. ಕೊರಟಗೆರೆಯಲ್ಲಿ ಬಸ್ಸು ಹತ್ತಿದರೆ ಕಾಲಿಡಲು ಜಾಗವಿಲ್ಲ. ಕಂಬ ಹಿಡಿದು ನಿಂತೆ. ಕಣ್ಣೆದುರಿಗೆ ಸರಿಯಾಗಿ ಒಬ್ಬ ಹಿರಿಯರ ಬಿಳಿ ಶರ್ಟಿನ ಜೇಬು. ಜೇಬಿನಲ್ಲಿ ಅಪ್ಪನ ಬಣ್ಣ.

ಕೂದಲೆಳೆಯಷ್ಟೂ ಗಾಢವಲ್ಲ, ತೆಳುವಲ್ಲ. ಅದೇ. ಅದೇ ಕ್ಲಿಪ್ಪು. ಬಸ್ಸು ಹೊರಳಿದ ಕಡೆಗೆಲ್ಲ ಆ ಜೇಬು ಹೊರಳಿತು, ಅದರ ಹಿಂದೆ ನನ್ನ ಕಣ್ಣೂ ಹೊರಳಿತು. ಅವರು ಶರ್ಟಿನ ಗುಂಡಿ ಸರಿಮಾಡಿಕೊಂಡರು. ಎದೆಗೆ ಅಡ್ಡ ಕೈ ಇಟ್ಟುಕೊಂಡರು. ಕೊನೆಗೆ ಅವರ ಪಕ್ಕದಲ್ಲಿದ್ದ ಹೆಂಗಸು, ಅವರ ಹೆಂಡತಿ, ನನ್ನನ್ನು ಕೇಳಿದಳು: "ಏನಮ್ಮಾ, ನಮ್ಮ ಯಜಮಾನ್ರ ಎದೆ ಮ್ಯಾಲೆ ಏನಾರ ಬರೆದೈತಾ?"

ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಈ ವಯಸ್ಸಿನಲ್ಲಿ ನನಗೆ ಬೆವರು ಕಿತ್ತು ಬಂತು. "ಇಲ್ಲ ತಾಯಿ, ಪೆನ್ನು... ಆ ಪೆನ್ನು ಒಂದು ಸಲ ಕೊಡ್ತಾರಾ, ನೋಡಿ ಕೊಡ್ತೀನಿ."

"ಕೊಡಕ್ಕಾಗಲ್ಲಮ್ಮ" ಅಂದರು ಅವರು, ಜೇಬಿನ ಮೇಲೆ ಕೈಯಿಟ್ಟುಕೊಂಡು.

"ಕೊಡ್ರಿ ಯಜಮಾನ್ರೆ, ವಯಸ್ಸಾದೋರು ಕೇಳ್ತಾವ್ರೆ" ಅಂತ ಹಿಂದಿನಿಂದ ಯಾರೋ ಕೂಗಿದರು. "ಪೆನ್ನು ಕೊಡಾಕೂ ಇಷ್ಟು ಬಿಗೀನಾ?" ಅಂತ ಇನ್ನೊಬ್ಬರು. ಹೆಂಡತಿಗೆ ನಗು ತಡೆಯಲಾಗಲಿಲ್ಲ. "ಇದ್ರೆ ತಾನೇ ಕೊಡಾದು!" ಅಂದವಳೇ ಜೇಬಿಗೆ ಕೈ ಹಾಕಿ ಎತ್ತಿ ತೋರಿಸಿದಳು. ಬರೀ ಮುಚ್ಚಳ. ಕೆಳಗೆ ಪೆನ್ನೇ ಇಲ್ಲ.

ಇಡೀ ಬಸ್ಸು ನಕ್ಕಿತು. ನಗದವರು ಇಬ್ಬರೇ, ಅವರು ಮತ್ತು ನಾನು. "ನನಗೆ ಬೇಕಾಗಿದ್ದೂ ಬರೀ ಮುಚ್ಚಳವೇ!" ಅಂತ ಕೂಗಿದೆ. ಅಷ್ಟರಲ್ಲಿ ಬಸ್ಸು ನಿಂತು, ಜನ ನುಗ್ಗಿ, ಮುಚ್ಚಳ, ಜೇಬು, ಯಜಮಾನರು ಎಲ್ಲ ಕಣ್ಮರೆಯಾದರು.

ಅವತ್ತು ದೇವಸ್ಥಾನದ ಸಾಲಿನಲ್ಲಿ ನಾನು ನೋಡಿದ್ದೆಲ್ಲ ಜೇಬುಗಳನ್ನೇ. ತಾಯಿಯ ಮುಂದೆ ನಿಂತು ಕಣ್ಣು ಮುಚ್ಚಿದರೂ ಜೇಬೇ ಕಂಡಿತು. ಕೊನೆಗೆ ಪ್ರಸಾದದ ಹತ್ತಿರ ಆ ಹೆಂಡತಿ ಸಿಕ್ಕಿದಳು. ಓಡಿಹೋಗಿ ಕೈ ಹಿಡಿದುಕೊಂಡು ನನ್ನ ಅಪ್ಪನ ಪೆನ್ನಿನ ಕಥೆ ಪೂರ್ತಿ ಹೇಳಿದೆ. ಅವಳು ಅರ್ಥವಾದವಳಂತೆ ತಲೆಯಾಡಿಸಿ ಪಾವಗಡದ ಆಚೆಗಿನ ತಮ್ಮ ಹಳ್ಳಿಯ ಹೆಸರು ಹೇಳಿದಳು. "ಹೆಣ್ಣು ಗಂಡು ಕೂಡ್ಸೋರ ಮನೆ ಅಂದ್ರೆ ಯಾರಾರ ತೋರಿಸ್ತಾರೆ. ಬಾಮ್ಮಾ." ಹೊರಟವಳು ತಿರುಗಿ ನಿಂತಳು. "ಒಂದು ಮಾತು. ಇವರನ್ನ ಕಟ್ಕೊಂಡು ಇಷ್ಟು ವರ್ಷ ಆಯ್ತು. ಆ ಜೇಬನ್ನ ಅಷ್ಟು ಪ್ರೀತಿಯಿಂದ ನಾನೂ ನೋಡಿಲ್ಲ ಕಣಮ್ಮಾ."

೫. ಪಾವಗಡದ ಬೀಗರು

ನಮ್ಮವರನ್ನು ಎಳೆದುಕೊಂಡು ಆ ಹಳ್ಳಿಗೆ ಹೋದೆ. ಬೇಲಿಯ ತುಂಬ ಬಳ್ಳಿ ಹಬ್ಬಿದ ಮನೆ. ಯಜಮಾನರು ಜಗಲಿಯ ಮೇಲೆ ಕೂತಿದ್ದರು. ಮನೆಯಲ್ಲಿದ್ದರೂ ಬಿಳಿ ಶರ್ಟು, ಜೇಬಿನಲ್ಲಿ ಕೆಂಪು.

"ಏ, ಜೇಬು ನೋಡೋ ಅಮ್ಮ ಬಂದವ್ರೆ ನೋಡೇ!" ಅಂತ ಒಳಗೆ ಕೂಗಿದರು.

ಡಬ್ಬಿ ತೆರೆದು ಅವರ ಮುಂದಿಟ್ಟೆ. "ಇದರಲ್ಲಿ ಯಾವ ಪೆನ್ನು ಬೇಕಾದರೂ ಪೂರ್ತಿಯಾಗಿ ತಗೊಳ್ಳಿ. ಆ ಮುಚ್ಚಳ ಕೊಡಿ."

"ಪೂರ್ತಿ ಪೆನ್ನು ಬ್ಯಾಡವೇ ಬ್ಯಾಡಮ್ಮ! ಒಂದ್ಸಲ ಪೂರ್ತಿ ಪೆನ್ನು ಇಟ್ಕೊಂಡು ಮದ್ವೆ ಮಾತಿಗೆ ಹೋಗಿದ್ದೆ. ತಾಂಬೂಲ ಬದಲಾಯಿಸೋ ಹೊತ್ತಿಗೆ ಮಸಿ ಸೋರಿ ಎದೆಯೆಲ್ಲ ಕಪ್ಪಗಾಗೈತೆ. ಅಪಶಕುನ ಅಂತ ಗಂಡಿನ ಕಡೆಯೋರು ಎದ್ದೇಬುಟ್ರು. ಅವತ್ತಿಂದ ಬರೀ ಮುಚ್ಚಳ. ಆದ್ರೆ ಜೇಬಲ್ಲಿ ಇದು ಇರ್ಲೇಬೇಕು. ನಾಕು ಜನ ಕೂತ ಕಡೆ ಈ ಕೆಂಪು ಕಂಡ್ರೇನೇ ನನ್ನ ಮಾತಿಗೆ ತೂಕ."

ಅದು ಅವರ ಮದುವೆಯಲ್ಲಿ ಮಾವ ಕೊಟ್ಟ ಪೆನ್ನಂತೆ. ಮನೆಯಲ್ಲಿ ಬಿಟ್ಟ ಪೆನ್ನನ್ನು ಆಮೇಲೆ ಎಮ್ಮೆ ತುಳಿದಿತ್ತು, ಜೇಬಿನಲ್ಲಿದ್ದ ಮುಚ್ಚಳ ಉಳಿದಿತ್ತು.

"ಮೊದ್ಲು ಕೂಡುತ್ತೋ ಇಲ್ವೋ ನೋಡಾನ. ಕೂಡದೇ ಇರೋದಕ್ಕೆ ಮಾತ್ಯಾಕೆ?" ಅಂದು ಜೇಬಿನಿಂದ ಮುಚ್ಚಳ ತೆಗೆದು ಅಂಗೈಗೆ ತಟ್ಟಿದರು. ಒಳಗಿಂದ ಲವಂಗ ಉದುರಿತು. "ಓಹೋ, ಡಬ್ಬಿಲಿರೋ ಲವಂಗ ಇಲ್ಲಿಗೆ ಬತ್ತೈತಾ?" ಅಂದಳು ಹೆಂಡತಿ.

ನಿಬ್ಬಿನ ಬಟ್ಟೆಯ ಟೋಪಿ ತೆಗೆದು ಪೆನ್ನನ್ನು ಅವರ ಕೈಗೆ ಕೊಟ್ಟೆ. ಮೊದಲ ಸಲ ಮುಚ್ಚಳ ಸೊಟ್ಟಗೆ ಕೂತು ಕಟ್ ಅಂದಿತು. ನನ್ನ ಎದೆಯೂ ಕಟ್ ಅಂದಿತು. ಅವರು ಉಫ್ ಅಂತ ಊದಿ, ಮತ್ತೆ ನೇರವಾಗಿಟ್ಟು ತಿರುಗಿಸಿದರು. ಸದ್ದಿಲ್ಲದೆ ತಿರುಗಿತು, ತಿರುಗಿತು, ನಿಂತಿತು. ಎಲ್ಲಿ ಪೆನ್ನು ಮುಗಿದು ಎಲ್ಲಿ ಮುಚ್ಚಳ ಶುರುವಾಯಿತು ಅಂತ ಹೇಳಲಾಗದಷ್ಟು ಒಂದೇ ಬಣ್ಣ.

"ಕೂಡ್ತು" ಅಂದರು ಯಜಮಾನರು, ಸಂಬಂಧ ಕುದುರಿಸಿದವರ ದನಿಯಲ್ಲಿ. "ಇನ್ನು ಯಾರ ಮನೇಲಿ ಇರಬೇಕು ಅನ್ನೋದು ಮಾತು. ಪದ್ಧತಿ ಪ್ರಕಾರ ಹೆಣ್ಣು ಗಂಡಿನ ಮನೆಗೆ ಬರಬೇಕು. ನೀವು ತಂದಿರೋದು ಹೆಣ್ಣು."

ನಮ್ಮವರು ಬಿಡಲಿಲ್ಲ. "ಅದು ಹೆಂಗೆ ಸ್ವಾಮಿ? ಬರೆಯೋದು ಪೆನ್ನು. ದುಡಿಯೋದು ಅದು. ಅದೇ ಗಂಡು."

ಹೆಂಡತಿ ಸೊಂಟದ ಮೇಲೆ ಕೈಯಿಟ್ಟುಕೊಂಡಳು. "ಏನ್ ಸ್ವಾಮಿ, ದುಡಿಯೋದು ಗಂಡಾ? ದಿನವೆಲ್ಲ ಗೇದು ಮೈಯೆಲ್ಲ ಮಸಿ ಮಾಡ್ಕೊಳೋದು ಹೆಣ್ಣು. ಕೆಲ್ಸ ಇಲ್ದೆ ಜೇಬಲ್ಲಿ ಕೂತ್ಕೊಂಡು ಮೆರೆಯೋದೇ ಗಂಡು!"

"ಸರಿಯಾಗಿ ಹೇಳ್ದೆ!" ಅಂತ ಯಜಮಾನರು ತೊಡೆ ತಟ್ಟಿದರು. "ಮುಚ್ಚಳ ಗಂಡು, ಪೆನ್ನು ಹೆಣ್ಣು. ಹೆಣ್ಣು ನಮ್ಮನೇಲಿ ಇರ್ಲಿ." ಅನ್ನುತ್ತಲೇ ಇಡೀ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು.

ನನ್ನ ಕಣ್ಣು ಕತ್ತಲೆ ಬಂತು. ಮುಚ್ಚಳ ತರಲು ಬಂದು ಅಪ್ಪನ ಪೆನ್ನನ್ನೇ ಕಳೆದುಕೊಂಡು ಹೋಗುವುದೇ? ನನ್ನ ಮುಖ ನೋಡಿದ ಅವರ ಹೆಂಡತಿ ಜಗಲಿಯಿಂದ ಇಳಿದು ಗಂಡನ ಎದುರು ನಿಂತಳು.

"ಊರ್ಕೋವಯ್ಯಾ, ಸಾಕು ಸುಮ್ಕಿರು. ನೀನು ಗಂಡಲ್ವಾ? ನೀನೆಲ್ಲಿಗೆ ಬಂದೆ, ಹೇಳು? ಮನೆ ಅಳಿಯ ಆಗಿ ನಮ್ಮಪ್ಪನ ಮನೇಗೆ ಬರ್ಲಿಲ್ವಾ? ಇವತ್ತೂ ಕುಂತಿರೋದು ಯಾರ ಜಗಲಿ ಮ್ಯಾಲೆ? ಆ ಮುಚ್ಚಳಾನೂ ನಮ್ಮಪ್ಪನೇ ಕೊಟ್ಟಿದ್ದು. ಅದೂ ಮನೆ ಅಳಿಯ ಆಗಿ ಈಯಮ್ಮನ ಮನೇಗೆ ಹೋಗ್ಲಿ!"

ಯಜಮಾನರು ಕುಳಿತ ಜಗಲಿಯನ್ನೊಮ್ಮೆ ನೋಡಿದರು. ಮೆಲ್ಲಗೆ ಪೆನ್ನು ತೆಗೆದು ನನ್ನ ಕೈಗಿಟ್ಟರು. "ಆದ್ರೆ ಜೇಬು ಖಾಲಿ ಬುಡಾಕಾಗಲ್ಲಮ್ಮ" ಅಂದರು, ಸಣ್ಣ ದನಿಯಲ್ಲಿ.

ಶಿರಾದ ಪೆನ್ನಿನ ಮುಚ್ಚಳ ಬಿಚ್ಚಿ ಅವರ ಜೇಬಿಗೆ ನಾನೇ ಸಿಕ್ಕಿಸಿದೆ. ಒಂದು ಕೂದಲೆಳೆ ಗಾಢ ಇದ್ದರೇನು, ನಾಲ್ಕು ಜನ ಕೂತ ಕಡೆ ಯಾರು ಬಿಸಿಲಿಗೆ ಹಿಡಿದು ನೋಡುತ್ತಾರೆ? ಡಬ್ಬಿಯಲ್ಲಿ ಬೋಳಾಗಿ ಮಲಗಿದ್ದ ಶಿರಾದ ಪೆನ್ನನ್ನು ನೋಡಿ ನಮ್ಮವರು ನಿಟ್ಟುಸಿರು ಬಿಟ್ಟರು. "ಒಂದರ ಮದುವೆ ಮುಗೀತು ಅನ್ನೋಷ್ಟರಲ್ಲಿ ಇನ್ನೊಂದನ್ನ ತಂದು ನಿಲ್ಲಿಸಿದೆ. ನಡಿ, ಇದಕ್ಕೂ ಗಂಡು ಹುಡುಕೋಣ."

ಈಗ ಆ ಯಜಮಾನರು ಮಧುಗಿರಿ ಕಡೆ ಬಂದಾಗಲೆಲ್ಲ ನಮ್ಮ ಮನೆಗೆ ಬರುತ್ತಾರೆ. "ಅಳಿಯ ಹೆಂಗವ್ನೆ?" ಅಂತ ಕೇಳಿ, ನೋಡಿ, ಊಟ ಮಾಡಿ ಹೋಗುತ್ತಾರೆ. ಬೀಗರಲ್ಲವೇ, ಸೊಸೆ ಪಾಯಸ ಮಾಡುತ್ತಾಳೆ.

ಅವತ್ತು ಹೊರಡುವಾಗ ಅವರ ಹೆಂಡತಿ ಕುಂಕುಮ ಕೊಟ್ಟು, ಬೇಲಿಯಿಂದ ಕಿತ್ತು ಚೀಲದ ತುಂಬ ಕಾಯಿ ತುಂಬಿದಳು. ಒಂದೆರಡು ಹಣ್ಣಾಗಿದ್ದವು. ಗಿಳಿ ಕಚ್ಚಿ ಬಿಟ್ಟದ್ದು, ಕೆಂಪಗೆ, ಒಳಗೆ ದೀಪ ಹಚ್ಚಿಟ್ಟ ಹಾಗೆ... ಹಾಂ. ಹಾಂ! ತೊಂಡೆ! ತೊಂಡೆಹಣ್ಣು! ಅಪ್ಪ 'ತೊಂಡಿಹಣ್ಣ' ಅನ್ನುತ್ತಿದ್ದ. ಕೋತಿಗೆ ಅವತ್ತೇ ಗೊತ್ತಾಗಿತ್ತು ನೋಡಿ, ನನಗೆ ಈಗ ಗೊತ್ತಾಯಿತು.

"ಪುಟ್ಟಿ, ಬೇಗ ಇದನ್ನ ಬರೆದಿಡು."

"ಹೇಳಜ್ಜಿ, ಫೋನಲ್ಲಿ ಹಾಕ್ಕೋತೀನಿ."

"ಫೋನಲ್ಲಿ ಬೇಡ. ಇಗೋ, ಇದರಲ್ಲಿ ಬರಿ. ಮಸಿ ತುಂಬಿಸಿಟ್ಟಿದ್ದೀನಿ."

"ಇದರಲ್ಲಾ? ಮುಟ್ಟಿದರೆ ಕೂಗ್ತಿದ್ದೆಯಲ್ಲ ಅಜ್ಜಿ?" ಮುಚ್ಚಳ ತಿರುಗಿಸಿ ತೆಗೆದು ಮೂಸಿ ನೋಡಿದಳು. "ಅಯ್ಯೋ, ಲವಂಗದ ವಾಸನೆ!"

"ಇರಲಿ. ಒತ್ತಬೇಡ, ಮೆಲ್ಲಗೆ. ತೊಂಡಿಹಣ್ಣ ಅಂತ ಬರಿ ಮಗಳೆ, ನಾನು ಮರೆಯೋ ಮುಂಚೆ. ತಾಳು ತಾಳು, ಮುಚ್ಚಳ ಕೈಯಲ್ಲೇ ಹಿಡ್ಕೋ. ಮೊದಲು ಎದ್ದು ಆ ಕಿಟಕಿ ಹಾಕು."